ವೈರ್‌ಲೆಸ್ ಪೆಟ್ಟಿಗೆಯೂ ನಮ್ಮ ಮೂರು ಸಭೆಗಳೂ

ಸಭೆ ಅಂದ ಮೇಲೆ ಏನಾದರೊಂದು ಆಗದೆ ಮುಗಿಯುವುದಿಲ್ಲ. ಜೊತೆಗೊಂದು ಯಂತ್ರವೂ ಸೇರಿಕೊಂಡರೆ ಆಗಬೇಕಾದ್ದು ಇನ್ನೂ ಬೇಗ ಆಗುತ್ತದೆ.

ವೈಫೈ ಅನ್ನುವ ಮಾತೇ ಆಗ ಹೊಸದು. ರಾಜಾಜಿನಗರದ ಒಂದು ಶಿಕ್ಷಣ ಟ್ರಸ್ಟ್‌ನಲ್ಲಿ ಸಭೆಗಳ ನಡಾವಳಿ ಬರೆಯುವುದು ನನ್ನ ಕೆಲಸ. ಬರೆದದ್ದನ್ನು ಓದಿದರೆ "ನಾನು ಹಾಗೆ ಹೇಳೇ ಇಲ್ಲ" ಎಂದು ಎಲ್ಲರೂ ನನ್ನ ಮೇಲೇ ಬೀಳುತ್ತಿದ್ದರು. ಅದಕ್ಕೇ ಹಟ ಹಿಡಿದು ಒಂದು ರೂಟರ್, ಒಂದು ಪ್ರೊಜೆಕ್ಟರ್, ಒಂದಷ್ಟು ಹಳೆಯ ಲ್ಯಾಪ್‌ಟಾಪ್ ತರಿಸಿದೆ. ಸಭೆ ಎಲ್ಲಿದ್ದರೆ ಅಲ್ಲಿಗೆ ಹೊತ್ತೊಯ್ಯುವುದು. ಇಂಟರ್ನೆಟ್ ಬೇಕಿಲ್ಲ, ಕೂತವರು ಅಭಿಪ್ರಾಯ ಟೈಪ್ ಮಾಡಿದ ಹಾಗೆ ಒಂದೊಂದೇ ಪದವಾಗಿ, ಹೆಸರಿಲ್ಲದೆ ಪರದೆಯ ಮೇಲೆ ಬರುತ್ತದೆ. ನಮ್ಮ ನಿರ್ದೇಶಕರಿಗೆ ನಂಬಿಕೆ ಇರಲಿಲ್ಲ. "ಮೂರು ಸಭೆ ನೋಡ್ತೀನಿ ಮೇಡಂ. ಸರಿಹೋಗ್ಲಿಲ್ಲ ಅಂದ್ರೆ ಪೆಟ್ಟಿಗೆ ಬೀರುಗೆ, ನೀವು ನಡಾವಳಿಗೆ," ಅಂದರು.

ವೈರ್‌ಲೆಸ್ ಬಂತು

ಮೊದಲ ಸಭೆ ವಿಜಯನಗರದ ಒಂದು ಸಮುದಾಯ ಭವನದಲ್ಲಿ. ಅಲ್ಲಿ ನೋಡಿಕೊಳ್ಳುವವರಿಗೆ ಹಿಂದಿನ ದಿನ ಫೋನ್ ಮಾಡಿ, "ನಾಳೆ ವೈರ್‌ಲೆಸ್ ಬರತ್ತೆ, ಹಾಲ್ ಸ್ವಲ್ಪ ಬೇಗ ತೆಗೀರಿ" ಅಂದೆ.

ಬೆಳಿಗ್ಗೆ ಹೋದರೆ ಗೇಟಿಗೆ ರಂಗೋಲಿ, ಒಳಗೆಲ್ಲ ಫಿನಾಯಿಲ್ ವಾಸನೆ. ದಿನಾ ಮೆಟ್ಟಿಲ ಮೇಲೆ ಇಸ್ಪೀಟಾಡುವವರು ಒಬ್ಬರೂ ಇಲ್ಲ. ಭವನ ನೋಡಿಕೊಳ್ಳುವವರು ಇಸ್ತ್ರಿ ಷರಟು ಹಾಕಿಕೊಂಡು ನನ್ನ ಆಟೋ ಹಿಂದೆ ಇಣುಕಿದರು.

"ಇನ್ಸ್‌ಪೆಕ್ಟ್ರು ಹಿಂದೆ ಬರ್ತಾವ್ರಾ ಮೇಡಂ?"

"ಯಾವ ಇನ್ಸ್‌ಪೆಕ್ಟ್ರು?"

"ವೈರ್‌ಲೆಸ್ ಬರತ್ತೆ ಅಂದ್ರಲ್ಲ. ಪೊಲೀಸ್ನೋರ್ದಲ್ವಾ ಅದು?"

ಚೀಲದಿಂದ ರೂಟರ್ ತೆಗೆದು ತೋರಿಸಿದೆ. ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಇದಕ್ಕಾ ಮೇಡಂ ನಾನು ಇಸ್ಪೀಟ್‌ನೋರ್ನೆಲ್ಲ ಓಡಿಸಿದ್ದು? ಅದ್ರಲ್ಲಿ ನಮ್ಮ ಮಾವಾನೂ ಇದ್ರು."

ಪಾತ್ರೆಯೊಳಗಿನ ಸಿಗ್ನಲ್

ಆ ಸಭೆ ಹೇಗೋ ದಾಟಿತು. ಎರಡನೆಯದು ಅನ್ನಪೂರ್ಣೇಶ್ವರಿ ನಗರದಲ್ಲಿ, ಟ್ರಸ್ಟಿನ ಒಬ್ಬ ಸದಸ್ಯರ ಮನೆಯಲ್ಲಿ. ಪ್ರೊಜೆಕ್ಟರ್ ಹಾಕಿದ ಮೇಲೆ ಖಾಲಿ ಉಳಿದ ಪ್ಲಗ್ ಅಡುಗೆಮನೆಯಲ್ಲೊಂದೇ. ರೂಟರನ್ನು ಅಲ್ಲೇ ಕಟ್ಟೆಯ ಮೇಲಿಟ್ಟು, ಎಲ್ಲ ಪರೀಕ್ಷಿಸಿ, ಕಾಫಿ ಕುಡಿದು ಬಂದು ಕೂತರೆ ಒಂದು ಲ್ಯಾಪ್‌ಟಾಪಿಗೂ ಸಿಗ್ನಲ್ ಇಲ್ಲ. ನಿರ್ದೇಶಕರು ಬೀರುವಿನ ಬೀಗದ ಕೈ ಎಲ್ಲಿದೆ ಎಂದು ಯೋಚಿಸುವವರ ಹಾಗೆ ನನ್ನನ್ನು ನೋಡಿದರು.

ಅಡುಗೆಮನೆಗೆ ಓಡಿದೆ. ರೂಟರ್ ಇಲ್ಲ. ಆ ಜಾಗದಲ್ಲಿ ದೊಡ್ಡದೊಂದು ಸ್ಟೀಲ್ ಪಾತ್ರೆ ಬೋರಲು. ಸದಸ್ಯರ ತಾಯಿ ಪಕ್ಕದಲ್ಲೇ ಒಗ್ಗರಣೆ ಹಾಕುತ್ತಿದ್ದರು.

"ಅಡುಗೆಮನೇಲಿ ಇಟ್ಟಿದ್ದನ್ನ ತೆರೆದಿಡ್ತಾರೇನಮ್ಮ? ಜಿರಲೆ ಓಡಾಡತ್ತೆ. ನಾನೇ ಮುಚ್ಚಿದೆ."

ಪಾತ್ರೆ ಎತ್ತಿದೆ. ಹಾಲಿನಿಂದ "ಬಂತು, ಬಂತು" ಅನ್ನುವ ದನಿ. ಅದರ ಹಿಂದೆಯೇ ನಿರ್ದೇಶಕರು ಬಂದು, "ಏನಾಗಿತ್ತು?" ಎಂದರು.

ನಾನು ಬಾಯಿ ಬಿಡುವ ಮೊದಲೇ ಅಜ್ಜಿ, "ಏನಿಲ್ಲಪ್ಪ, ಇನ್ನೂ ಬೆಂದಿರಲಿಲ್ಲ ಅಂತ ಕಾಣತ್ತೆ," ಅಂದರು.

ನಾನು

ಕೊನೆಯದು ಕೆಂಗೇರಿಯ ನಮ್ಮ ಶಾಲೆಯಲ್ಲಿ. ಟ್ರಸ್ಟಿನ ಅಧ್ಯಕ್ಷರೂ ಬಂದಿದ್ದರು. ನಿವೃತ್ತ ಹೆಡ್‌ಮಾಸ್ಟರು, ನಿರ್ದೇಶಕರಿಗೇ ಪಾಠ ಹೇಳಿದವರು. ಕಿವಿ ಸ್ವಲ್ಪ ಮಂದ, ಕೂಗಿದರಷ್ಟೇ ಕೇಳುತ್ತದೆ. ಟೈಪಿಂಗ್ ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ.

ಸಭೆಗಳು ಚೆನ್ನಾಗಿ ನಡೆಯಲು ಏನು ಮಾಡಬೇಕು ಎಂಬುದು ಅಂದಿನ ವಿಷಯ. ಪರದೆಯ ಮೇಲೆ ಬಂದ ಮೊದಲನೇ ಅಭಿಪ್ರಾಯ: "ನಿರ್ದೇಶಕರು ಭಾಷಣ ಕಮ್ಮಿ ಮಾಡಲಿ."

ನಿರ್ದೇಶಕರ ಮುಖ ಕೆಂಪಾಯಿತು.

"ಯಾರ್ರೀ ಇದು ಬರ್ದಿದ್ದು?" ಎಂದು ಕೂಗಿದರು. "ಹೆಸರು ಬೇಡ ಅಂದ್ರೆ ಹಿಂಗೇ ಆಗೋದು. ಮೇಡಂ, ಪೆಟ್ಟಿಗೆ ಕಟ್ಟಿ."

ಮುಗಿಯಿತು, ಇನ್ನು ನಡಾವಳಿಯೇ ಗತಿ ಅಂದುಕೊಂಡು ನಿಧಾನಕ್ಕೆ ಎದ್ದೆ. ಅಷ್ಟರಲ್ಲಿ ಪರದೆಯ ಮೇಲೆ ಒಂದು ಪದ ಬಂತು: "ನಾನು."

ಎಲ್ಲರೂ ಆಚೀಚೆ ನೋಡಿದರು. ಕೀಬೋರ್ಡಿನ ಮೇಲೆ ಬೆರಳಿದ್ದದ್ದು ಅಧ್ಯಕ್ಷರೊಬ್ಬರದೇ.

ನಿರ್ದೇಶಕರು ಎದ್ದು ಕೈ ಕಟ್ಟಿ ನಿಂತರು. ದನಿ ಪೂರ್ತಿ ಇಳಿದಿತ್ತು. "ತಾವಾ ಮೇಷ್ಟ್ರೇ? ತಾವು ಹೇಳಿದ ಮೇಲೆ ಸರಿಯೇ ಬಿಡಿ. ಇನ್ಮೇಲೆ ಹತ್ತೇ ನಿಮಿಷ ಮಾತಾಡ್ತೀನಿ. ಇಂಥದ್ದನ್ನ ನನ್ನ ಮುಖಕ್ಕೆ ಬೇರೆ ಯಾರು ಹೇಳ್ತಾರೆ? ಮೇಡಂ, ಪೆಟ್ಟಿಗೆ ಇರ್ಲಿ."

ಮೇಷ್ಟ್ರಿಗೆ ಇದೊಂದೂ ಕೇಳಿಸಿರಲಿಲ್ಲ. ತಲೆ ತಗ್ಗಿಸಿ ಮುಂದಿನ ಅಕ್ಷರ ಹುಡುಕುತ್ತಿದ್ದರು. ನಿರ್ದೇಶಕರು ಪರದೆಗೆ ಬೆನ್ನು ಹಾಕಿ ತಮ್ಮ ಭಾಷಣದ ಹಾಳೆಗಳನ್ನು ಮಡಿಸುತ್ತಿರುವಾಗ ಪರದೆಯ ಮೇಲೆ ಎರಡನೇ ಪದ ಬಂತು: "ಅಲ್ಲ."

ಪ್ರೊಜೆಕ್ಟರಿನ ಪ್ಲಗ್ ಕಿತ್ತೆ. "ಕರೆಂಟ್ ಹೋಯ್ತು ಸಾರ್," ಅಂದೆ.

ಫ್ಯಾನ್ ಗಾಳಿಗೆ ಹಾರುತ್ತಿದ್ದ ಹಾಳೆಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ನಿರ್ದೇಶಕರು, "ಪರವಾಗಿಲ್ಲ ಬಿಡಿ ಮೇಡಂ, ಬರಬೇಕಾದ ಅಭಿಪ್ರಾಯ ಬಂದಾಯ್ತಲ್ಲ," ಅಂದರು.