ಕೆಳಮನೆಗೆ ಇಳಿದ ಸಂಖ್ಯೆ

ಕಂಪ್ಯೂಟರಿನ ಫ್ಯಾನು ಅವತ್ತೇ ಬೆಳಗ್ಗೆ ರಾಗ ತೆಗೆಯಬೇಕೆ?

ಕನ್ನಡಕದಂಗಡಿಯವನು ಹೌಹಾರಿದ. ಸಾವಿರಾರು ಹವ್ಯಾಸಿಗಳ ಜತೆ ಸೇರಿ ಅವನು ಈವರೆಗೆ ಯಾರಿಗೂ ಸಿಗದಷ್ಟು ದೊಡ್ಡ ಅವಿಭಾಜ್ಯ ಸಂಖ್ಯೆಯೊಂದನ್ನು ಹುಡುಕುತ್ತಿದ್ದ. ಅವಿಭಾಜ್ಯವೆಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗಲು ಒಪ್ಪದ ಹಟಮಾರಿ. ಅವನ ಪಾಲಿಗೆ ಬಂದ ಸಂಖ್ಯೆಗೆ ಕೋಟಿಗಟ್ಟಲೆ ಅಂಕಿ. ಕಂಪ್ಯೂಟರು ತಿಂಗಳಿಂದ ಅದನ್ನು ಅರೆಯುತ್ತಿತ್ತು. ಅದು ಅವಿಭಾಜ್ಯವೋ ಅಲ್ಲವೋ ಎಂಬ ಫಲಿತಾಂಶ ಸಂಜೆಯೊಳಗೆ ಬರಬೇಕು.

ಸದ್ದು ಕೆಳಮನೆಗೆ ಇಳಿಯಿತು. ಹಿಂದೆಯೇ ಕೆಳಮನೆಯ ನರ್ಸಮ್ಮ ಮೇಲಕ್ಕೆ ಹತ್ತಿದರು. ಆಸ್ಪತ್ರೆಯ ಕೆಲಸದಿಂದ ಅವರು ನಿವೃತ್ತರಾಗಿದ್ದರೂ ಅವರ ದನಿಗೆ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ತಲೆಯ ಮೇಲೆ ಹಿಟ್ಟಿನ ಗಿರಣಿ ಇಟ್ಟಿದ್ದೀರಾ, ಈಗಲೇ ನಿಲ್ಲಿಸಿ ಎಂದು ತಾಕೀತು ಮಾಡಿದರು.

ಸಂಖ್ಯೆಗೋಸ್ಕರ ಎಂದರೆ ನಕ್ಕು ಸ್ವಿಚ್ಚು ಒತ್ತಿಬಿಡುತ್ತಾರೆ. ಅಷ್ಟರಲ್ಲಿ, ಎರಡು ದಿನದ ಮಟ್ಟಿಗೆ ಬಂದಿದ್ದ ದೊಡ್ಡಪ್ಪ ಕಣ್ಣಿಗೆ ಬಿದ್ದರು.

“ನಮ್ಮ ದೊಡ್ಡಪ್ಪಂಗೆ ನಿದ್ದೆ ಬರಲ್ಲ ನರ್ಸಮ್ಮ. ಈ ಸದ್ದು ಕೇಳಿದ್ರೆ ಬರುತ್ತೆ ಅಂತ ಡಾಕ್ಟ್ರು ಹೇಳಿದಾರೆ. ಸಾಯಂಕಾಲ ಊರಿಗೆ ಹೊರಟುಬಿಡ್ತಾರೆ. ಇವತ್ತೊಂದು ದಿನ ಸಹಿಸಿಕೊಳ್ಳಿ.”

ಆಗಷ್ಟೇ ಎದ್ದು ಮುಖ ತೊಳೆದು ಬಂದಿದ್ದ ದೊಡ್ಡಪ್ಪ ಪಿಳಿಪಿಳಿ ನೋಡಿದರು. ಪರೀಕ್ಷಿಸಿಯೇ ಬಿಡೋಣವೆಂದು ನರ್ಸಮ್ಮ ಅವರನ್ನು ಮತ್ತೆ ಮಂಚಕ್ಕೆ ಅಟ್ಟಿ, ಹೊದಿಕೆ ಎಳೆದು, ನಾಡಿ ಹಿಡಿದು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ದೊಡ್ಡಪ್ಪನ ಎದುರು ಅವನು ಕಣ್ಣಲ್ಲೇ ಅಂಗಲಾಚಿದ. ಪಾಪ, ಅವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ಗೊರಕೆ ಶುರುವಾಯಿತು.

ಲೆಕ್ಕ ಎಷ್ಟು ಉಳಿದಿದೆ ನೋಡೋಣವೆಂದು ಅವನು ಪರದೆಯತ್ತ ಹೆಜ್ಜೆ ಇಟ್ಟರೆ ನರ್ಸಮ್ಮ ತುಟಿಯ ಮೇಲೆ ಬೆರಳಿಟ್ಟರು. ಅಂಗಡಿಗೆ ಚಕ್ಕರ್ ಹೊಡೆದು, ತನ್ನದೇ ಮನೆಯ ಬಾಗಿಲಲ್ಲಿ ಚಂದಾ ಕೇಳಲು ಬಂದವನ ಹಾಗೆ ನಿಂತ. ನಿಜ ಹೇಳಿ ಮುಗಿಸಬಾರದೇ ಎಂದು ಹೆಂಡತಿ ಕಿವಿಯಲ್ಲಿ ಉಸುರಿದಳು. ಈಗ ಹೇಳಿದರೆ ದೊಡ್ಡಪ್ಪನ ಮಾನವೂ ಹೋಗುತ್ತದೆ ಎಂದ.

ಮಧ್ಯಾಹ್ನ ದೊಡ್ಡಪ್ಪ ಎದ್ದು, ಇಂಥ ನಿದ್ದೆ ಮಾಡಿ ಎಷ್ಟು ವರ್ಷವಾಗಿತ್ತೋ ಎಂದು ಮೈಮುರಿದರು. ನರ್ಸಮ್ಮನ ಮುಖ ಅರಳಿತು. ಅವನಿಗೆ ಹೋದ ಜೀವ ಬಂದಂತಾಯಿತು.

“ನಮ್ಮನೆಯವ್ರು ಹಗಲೂ ರಾತ್ರಿ ಗೂಬೆ ಥರ ಕೂತಿರ್ತಾರೆ. ನಿಮ್ಮ ದೊಡ್ಡಪ್ಪ ಹೇಗೂ ಹೊರಟ್ರಲ್ಲ, ಈ ಮಿಷನ್ನು ನಮ್ಮಲ್ಲಿರಲಿ,” ಎಂದರು ನರ್ಸಮ್ಮ.

ಬಾಯಿ ಬಿಟ್ಟರೆ ಸುಳ್ಳು ಬಯಲು. ದೊಡ್ಡಪ್ಪನೇ ಮುಂದೆ ನಿಂತು ತಂತಿ ಕಿತ್ತು, ಪೆಟ್ಟಿಗೆಯನ್ನು ಪರದೆ ಸಮೇತ ಇಳಿಸಿಕೊಟ್ಟರು. ಮಾಡಿದ ಲೆಕ್ಕವೆಲ್ಲ ಪೆಟ್ಟಿಗೆಯೊಳಗೆ ಭದ್ರವಾಗಿರುತ್ತದೆ ಎಂಬುದೊಂದೇ ಸಮಾಧಾನ. ಕೆಳಮನೆಯ ಮಲಗುವ ಕೋಣೆಯಲ್ಲಿ ಅದನ್ನು ಜೋಡಿಸಿಕೊಟ್ಟು, ಮೇಲೆ ಬಂದು ನೆಲಕ್ಕೆ ಕಿವಿಯಾನಿಸಿ ಮಲಗಿದ.

ಸಂಜೆ ಸದ್ದು ಗಪ್ಪನೆ ನಿಂತಿತು. ಲೆಕ್ಕ ಮುಗಿದಿದೆ. ಎದ್ದೆನೋ ಬಿದ್ದೆನೋ ಎಂದು ಕೆಳಗೋಡಿದ. ಪರದೆಯ ಮೇಲೆ ಒಂದೇ ಸಾಲಿತ್ತು: ಅವಿಭಾಜ್ಯವಲ್ಲ.

ಅವನಿಗೆ ಅಳಲೂ ಪುರುಸೊತ್ತು ಸಿಗಲಿಲ್ಲ. ಮಂಚದ ಮೇಲೆ ನರ್ಸಮ್ಮನ ಯಜಮಾನರು ಕಣ್ಣುಜ್ಜುತ್ತಾ ಎದ್ದು ಕೂತಿದ್ದರು.

“ನಿಂತೇ ಹೋಯ್ತಲ್ರೀ,” ಎಂದರು ನರ್ಸಮ್ಮ. “ಮತ್ತೆ ಶುರು ಮಾಡಿ. ಈ ಸಲ ಬೇಗ ಮುಗಿಯದ ಹಾಗೆ ನೋಡ್ಕೊಳ್ಳಿ.”

ಅವನು ಇನ್ನೂ ದೊಡ್ಡ ಸಂಖ್ಯೆಯೊಂದನ್ನು ಆರಿಸಿ ಹಾಕಿದ. ಯಜಮಾನರು ಆಗಲೇ ಮಗ್ಗುಲು ಬದಲಿಸಿದ್ದರು. ದಿನಕ್ಕೊಮ್ಮೆ ಪರದೆ ನೋಡಿಕೊಂಡು ಹೋಗುತ್ತೇನೆ ಎಂದು ಗೋಗರೆದರೆ, ನರ್ಸಮ್ಮ ತೋಳು ಹಿಡಿದು ಹೊರಗೆ ಬಿಟ್ಟು, ಭೇಟಿಯ ಸಮಯ ಭಾನುವಾರ ನಾಲ್ಕರಿಂದ ಐದು ಎಂದು ತಿಳಿಸಿ ಬಾಗಿಲು ಹಾಕಿಕೊಂಡರು.