ಮಾವ ಮನೆಯಲ್ಲಿಲ್ಲ, ಅಂಗಳದಲ್ಲಿದ್ದಾರೆ

ಫೋನು ರಿಂಗಾದ ತಕ್ಷಣ ಮನೆ ಬಿಟ್ಟು ಓಡುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದರೆ, ಅವರು ಗಾವಡಗೆರೆಯ ನನ್ನ ಸೋದರಮಾವ. ಯಾರಿಗೋ ಹೆದರಿ ಓಡುತ್ತಾರೆ ಅಂದುಕೊಂಡಿರಾ? ಹೊಗೆಸೊಪ್ಪಿನ ಹೊಲಕ್ಕೆ ಆನೆ ಬಂದು ನಿಂತಾಗಲೂ ಬೀಡಿ ಆರಿಸದವರು ಅವರು.

ವಿಷಯ ಇಷ್ಟೆ. ಅವರ ಮನೆಯಲ್ಲೊಂದು ಕಾರ್ಡ್‌ಲೆಸ್ ಫೋನಿದೆ. ಯಾರೂ ಎತ್ತದಿದ್ದರೆ ಕರೆದವರ ಮಾತನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ. "ನಾನು ಮನೇಲಿಲ್ಲ, ಏನಿದ್ರೂ ಹೇಳಿ" ಎಂದು ಮಾವ ತಮ್ಮ ದನಿಯನ್ನೇ ಅದರಲ್ಲಿ ತುಂಬಿಸಿದ್ದಾರೆ. ಒಳಗೆ ಕೂತುಕೊಂಡು ಮನೇಲಿಲ್ಲ ಅನ್ನಿಸಿದರೆ ಸುಳ್ಳಾಯಿತಲ್ಲ! ಅದಕ್ಕೇ ರಿಂಗಾದೊಡನೆ, ಮುದ್ದೆ ಕೈಯಲ್ಲಿದ್ದರೂ ಸರಿ, ಅಂಗಳಕ್ಕೆ ಹಾರುತ್ತಾರೆ. ಒಮ್ಮೆ ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದಾಗ ರಿಂಗಾಯಿತು. ಮುಂದಿನದನ್ನು ಎದುರುಮನೆಯವರು ಈಗಲೂ ಹೇಳುತ್ತಾರೆ, ನಾನು ಹೇಳಲಾರೆ.

"ಎಲ್ಲಾರ್ ಮನೇಲೂ ಫೋನ್ ಬಂದ್ರೆ ಓಡ್ ಬತ್ತಾರೆ, ನಮ್ಮನೇಲಿ ಓಡೋಯ್ತಾರೆ," ಎಂದು ಅತ್ತೆ ಹಣೆ ಚಚ್ಚಿಕೊಳ್ಳುತ್ತಾರೆ.

ಇದಕ್ಕೆಲ್ಲ ಕಾರಣ ನಮ್ಮವ್ವ, ಅಂದರೆ ಮಾವನ ಒಬ್ಬಳೇ ಅಕ್ಕ. ತಮ್ಮ ಮಗಳ ಮದುವೆಗೆ ಮಾವ ಊರೂರು ಸುತ್ತಿ ಲಗ್ನಪತ್ರಿಕೆ ಕೊಟ್ಟರು. ಪಿರಿಯಾಪಟ್ಟಣದ ಬೀಗರ ಬೀಗರನ್ನೂ ಬಿಡಲಿಲ್ಲ. ನಮ್ಮ ಅಕ್ಕ ತಾನೇ ಎಂದು ಚುಂಚನಕಟ್ಟೆಯ ನಮ್ಮ ಮನೆಗೆ ಮಾತ್ರ ಫೋನಿನಲ್ಲೇ ಕರೆದರು. ಅರಿಶಿನ ಕುಂಕುಮ ಹಿಡಿದು ಹೊಸ್ತಿಲಿಗೆ ಬರದ ತಮ್ಮ ಎಂಥ ತಮ್ಮ? ಅವ್ವ ಮದುವೆಗೇ ಹೋಗಲಿಲ್ಲ. "ಇನ್ನು ಅವನ್ ಕೂಡೆ ಮಾತಾಡುದ್ರೆ ರಾಮದೇವ್ರಾಣೆ," ಎಂದುಬಿಟ್ಟಳು. ಮಾವ ಆಮೇಲೆ ಸೀರೆ, ಹಣ್ಣು, ಕಣ್ಣೀರು ಎಲ್ಲ ತಂದರು. ಆಣೆ ಆಣೆಯೇ. ಐದು ವರ್ಷವಾಯಿತು.

ಆದರೆ ಫೋನಿನೊಳಗಿನ ಮಿಷಿನ್ನಿನ ಕೂಡೆ ಮಾತಾಡಬಾರದು ಎಂದು ಅವ್ವ ಆಣೆ ಇಟ್ಟಿರಲಿಲ್ಲವಲ್ಲ!

"ಲೇ ಮಿಷಿನ್ನು, ಅವ್ನಿಗೆ ಯೇಳು, ಮಂಡಿಗೆ ಎಣ್ಣೆ ತಿಕ್ಕೊಳ್ಲಿ. ಬೀಡಿ ಬುಡ್ಲಿ. ಬುಡ್ದೆ ಇದ್ರೆ ಸಾಯ್ಲಿ ಅಂತ ಯೇಳ್ಬ್ಯಾಡ, ನನ್ ಬಾಯಿಗ್ ಬತ್ತು ಅಷ್ಟೆ."

ಇದನ್ನು ಕೇಳುವುದಕ್ಕೂ ಒಂದು ಶಾಸ್ತ್ರವಿದೆ. ಮಾವ ಕಾಲು ತೊಳೆದು, ಅಂಗಿ ತೊಟ್ಟು ಗುಂಡಿ ಒತ್ತುತ್ತಾರೆ. ಅಕ್ಕನ ಮುಂದೆ ಬರಿಮೈಯಲ್ಲಿ ಕೂರುವುದುಂಟೆ? ಉತ್ತರ ಕೊಡಬೇಕಾದರೆ ಬಸ್ಸು ಹತ್ತಿ ಚುಂಚನಕಟ್ಟೆಗೆ ಬಂದು ನಮ್ಮ ಎಮ್ಮೆಯ ಮುಂದೆ ನಿಲ್ಲುತ್ತಾರೆ. "ಅಕ್ಕುಂಗೆ ಯೇಳವ್ವ, ಮಂಡಿ ವಾಸಿ." ಒಳಗೆ ಪಾತ್ರೆಯ ಸದ್ದು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಎಮ್ಮೆಯ ಪಕ್ಕದ ಕಲ್ಲಿನ ಮೇಲೆ ಒಂದು ಲೋಟ ಕಾಫಿ ಬಂದು ಕೂರುತ್ತದೆ. ಎಮ್ಮೆ ಕಾಫಿ ಕುಡಿಯುವುದಿಲ್ಲವಾದ್ದರಿಂದ ಮಾವ ಕುಡಿಯುತ್ತಾರೆ.

ಹೋದ ತಿಂಗಳು ನಾನು ಗಾವಡಗೆರೆಯಲ್ಲಿದ್ದಾಗ ಫೋನು ರಿಂಗಾಯಿತು. ನಂಬರು ಅವ್ವನದು. ಮಾವ ಎಂದಿನಂತೆ ಅಂಗಳಕ್ಕೆ ಹಾರಿದರು. ಆದರೆ ಮಿಷಿನ್ನು ಎತ್ತಿಕೊಳ್ಳಲೇ ಇಲ್ಲ. ನೋಡಿದರೆ ಮೆಸೇಜು ತುಂಬಿಹೋಗಿ ಅದರೊಳಗೆ ಜಾಗವೇ ಇರಲಿಲ್ಲ.

"ಒಂದು ಅಳಿಸಿಬುಡಿ ಮಾವ," ಎಂದೆ.

"ಯಾವ್ದುನ್ಲಾ ಅಳಸ್ಲಿ? ಎಲ್ಲಾ ನನ್ನಕ್ಕ ಬೈದಿರದು ಕಣ್ಲಾ."

ರಿಂಗಾಗುತ್ತಲೇ ಇತ್ತು. ಇದೊಂದು ದಾರಿಯೂ ಮುಚ್ಚಿತೆಂದರೆ ಅವರು ಅಕ್ಕನ ದನಿ ಕೇಳುವುದು ಇನ್ನೆಲ್ಲಿ? ಮಾವ ಒಳಗೆ ಬಂದರು. ಫೋನು ಎತ್ತಿ, ಗಂಟಲು ಸರಿಮಾಡಿಕೊಂಡು, "ನಾನು ಮನೇಲಿಲ್ಲ, ಏನಿದ್ರೂ ಹೇಳಿ," ಎಂದು ತಾವೇ ಒಪ್ಪಿಸಿದರು. ಆಮೇಲೆ ಮಿಷಿನ್ನು ಕೂಗುವ ಹಾಗೆಯೇ ಬಾಯಲ್ಲಿ "ಪೀಂ..." ಎಂದರು. ನಗು ಬಂದು ಬಾಯಿಗೆ ಕೈ ಅಡ್ಡ ಹಿಡಿದೆ. ಆ ಪೀಂ ನಡುಗುತ್ತಿತ್ತು.

ನಾನು ಮಾವನ ಕೈಯಲ್ಲಿದ್ದ ಫೋನಿನ ಹತ್ತಿರಕ್ಕೆ ಕಿವಿ ತಂದೆ. ಅವ್ವನ ದನಿ ಮೆತ್ತಗೆ ಕೇಳಿಸಿತು.

"ಯಾಕ್ಲಾ ಮಿಷಿನ್ನು, ಅಳ್ತಿದ್ದೀಯಾ? ಅಳ್ಬ್ಯಾಡ ಕಣಪ್ಪ. ನಾಳೀಕೆ ನಾನೇ ಬತ್ತೀನಿ."