ಡಿಸ್ಕ್ ಬ್ರೇಕಿನ ಗಾಡಿಯೂ ಇಳಿಯಲಾರದ ಅಳಿಯನೂ

ಬ್ರೇಕಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಘರ್ಷಣೆ ಎಂಬ ಅಧ್ಯಾಯವನ್ನು ಪುತ್ತೂರಿನ ಹತ್ತಿರದ ಹೈಸ್ಕೂಲೊಂದರಲ್ಲಿ ವರ್ಷ ವರ್ಷವೂ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಕಲಿಸಿದವನು ನಾನು. ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲನೆಯವನೂ ನಾನೇ. ಅಮ್ಮ ಬೀಡಿ ಕಟ್ಟಿ ಕಟ್ಟಿ ನನ್ನನ್ನು ಬಿ.ಎಸ್ಸಿ. ಮಾಡಿಸಿದಳು. ಆ ಪದವಿಯನ್ನು ನಾನು ಎಲ್ಲೂ ಹೇಳಿಕೊಂಡು ತಿರುಗುವುದಿಲ್ಲ. ಈ ವಾಕ್ಯವನ್ನು ಓದಿ ನನ್ನ ಹೆಂಡತಿ ಸುಮತಿ ಈಗಷ್ಟೇ ನಕ್ಕಳು.

ಸುಮತಿಯ ತವರು ಬೆಟ್ಟಂಪಾಡಿಯಲ್ಲಿ. ಅನುಕೂಲಸ್ಥರು. ಆ ಕಾಲಕ್ಕೇ, ಅಂದರೆ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಅವಳ ಅಣ್ಣನಲ್ಲಿ ಅಂಬಾಸಿಡರ್ ಕಾರಿತ್ತು. ನಾವು ಬಸ್ಸಿನಿಂದ ನುಗ್ಗುನುರಿಯಾಗಿ ಇಳಿದರೆ ಭಾವ ಕಾರು ತಂದು ಕರೆದುಕೊಂಡು ಹೋಗುತ್ತಿದ್ದ. ಪ್ರೀತಿಯ ಮನುಷ್ಯ. ಆದರೆ ನಾನು ಕೂತ ಕೂಡಲೇ ಒಂದು ಮಾತು ಹೇಳುತ್ತಿದ್ದ. "ಬಾಗಿಲು ಮೆಲ್ಲ ಹಾಕಿ ಭಾವ."

ಮದುವೆಯಾದಾಗಿನಿಂದ ನಾನು ಆ ಬಾಗಿಲನ್ನು ಮೆಲ್ಲ ಹಾಕುತ್ತಲೇ ಬಂದಿದ್ದೆ. ಅವನು ಹೇಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಸುಮತಿಯ ತಂಗಿಗೆ ಮದುವೆ ಗೊತ್ತಾದ ದಿನ ನಾನು ಘೋಷಿಸಿದೆ: "ಈ ಮದುವೆಗೆ ನಾವು ಸ್ವಂತ ಗಾಡಿಯಲ್ಲಿ ಹೋಗಿ ಇಳಿಯುವುದು."

"ಯಾರ ಸ್ವಂತ?" ಎಂದಳು ಸುಮತಿ.

ಗಾಡಿ ಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಆದರೆ ಕೂಡಿಸುವ ವಿದ್ಯೆ ಇದೆ ಎಂದು ನಂಬಿದ್ದೆ. ಒಂದು ಹಳೆಯ ಜೀಪಿನ ಚಾಸಿಸ್ ಸಿಕ್ಕಿತು. ಎಂಜಿನ್ ಇನ್ನೊಂದು ಜಾತಿಯದು. ಹಿಂದಿನ ಚಕ್ರಗಳದ್ದೇ ಸಮಸ್ಯೆಯಾಗಿತ್ತು. ಆಗ ಸಂಪಾಜೆಯಿಂದ ಸುದ್ದಿ ಬಂತು, ಅಲ್ಲಿ ತೋಟದ ಧನಿಯೊಬ್ಬರ ಫಾರಿನ್ ಕಾರು ಶೆಡ್ಡಿನಲ್ಲಿ ಬಿದ್ದುಕೊಂಡಿದೆ, ಮುಂದಿನ ಅರ್ಧ ಹೋಗಿದೆ, ಹಿಂದಿನ ಅರ್ಧ ಗಟ್ಟಿ ಇದೆ ಎಂದು. ನನಗೆ ಬೇಕಾದದ್ದೂ ಹಿಂದಿನ ಅರ್ಧವೇ. ಚಕ್ರ ತಿರುಗಿಸುವ ಶಾಫ್ಟುಗಳನ್ನು ಬಿಚ್ಚಿದೆವು. ಅವುಗಳ ತುದಿಯಲ್ಲಿ ಫಳಫಳ ಹೊಳೆಯುವ ಎರಡು ಕಬ್ಬಿಣದ ತಟ್ಟೆ. ಡಿಸ್ಕ್ ಬ್ರೇಕ್! ನಮ್ಮ ಕಡೆ ಮುಂದಿನ ಚಕ್ರಕ್ಕೂ ಅದನ್ನು ಕಂಡವರಿಲ್ಲದ ಕಾಲದಲ್ಲಿ ನನ್ನ ಗಾಡಿಗೆ ಹಿಂದಿನ ಚಕ್ರಕ್ಕೇ ಡಿಸ್ಕ್.

ಕೂಡಿಸಿಕೊಟ್ಟವನು ನೆಲ್ಯಾಡಿಯ ವೆಲ್ಡರ್ ವರ್ಕಿ. ಶಾಫ್ಟುಗಳಲ್ಲಿ ಒಂದು ಉದ್ದ, ಒಂದು ಗಿಡ್ಡ. ಹಾಗಾಗಿ ಹಿಂದಿನ ಭಾಗ ಎಡಕ್ಕೆ ಸರಿದು, ಗಾಡಿ ಊರ ನಾಯಿಯ ಹಾಗೆ ಸ್ವಲ್ಪ ಓರೆಯಾಗಿ ಓಡತೊಡಗಿತು. ಬಾಗಿಲುಗಳನ್ನು ಇಡಿಸಲೇ ಇಲ್ಲ. ಮೆಲ್ಲ ಹಾಕುವ ಪ್ರಶ್ನೆಯೇ ಬರಬಾರದು.

ಕೊನೆಯಲ್ಲಿ ವರ್ಕಿ ತಲೆ ಕೆರೆದುಕೊಂಡ. "ಮಾಸ್ಟ್ರೆ, ಹಳೇ ಬ್ರೇಕಿನ ಡ್ರಮ್ಮು ತೆಗ್ದೆವಲ್ಲ, ಈಗ ಹ್ಯಾಂಡ್‌ಬ್ರೇಕಿನ ವಯರು ಕಟ್ಲಿಕ್ಕೆ ಎಲ್ಲಿಯೂ ಜಾಗ ಇಲ್ಲ."

"ಕಾಲಿಗೆ ಇಷ್ಟು ಒಳ್ಳೆ ಬ್ರೇಕ್ ಇರುವಾಗ ಕೈಗೆ ಎಂತಕ್ಕೆ ಕೆಲಸ?" ಎಂದೆ. ನಿಲ್ಲಿಸಿದಾಗ ಚಕ್ರದ ಹಿಂದೆ ಒಂದು ಮುರಕಲ್ಲು ಇಟ್ಟರೆ ಆಯಿತು. ಗಿಯರಿನಲ್ಲಿಟ್ಟು ಇಳಿಯಬಹುದಲ್ಲ ಎಂದು ಬಲ್ಲವರು ಕೇಳಬಹುದು. ನನ್ನ ಗಾಡಿಯ ಗಿಯರ್ ಸ್ವತಂತ್ರ ಸ್ವಭಾವದ್ದು, ತಾನಾಗಿಯೇ ನ್ಯೂಟ್ರಲಿಗೆ ಜಾರುತ್ತಿತ್ತು. ಕಲ್ಲಿನ ಸಂಗತಿ ನನಗೆ, ವರ್ಕಿಗೆ, ಸುಮತಿಗೆ ಮಾತ್ರ ಗೊತ್ತು. ಭಾವನಿಗೆ ನಾನು ಡಿಸ್ಕ್ ಬ್ರೇಕಿನ ತತ್ವವನ್ನಷ್ಟೇ ವಿವರಿಸಿದ್ದೆ. ಎರಡೆರಡು ಸಲ.

ಮದುವೆಯ ದಿನ ಬೆಳಿಗ್ಗೆ ದೇವಸ್ಥಾನದ ಎದುರಿನ ಏರಿನಲ್ಲಿ ಗಾಡಿ ಪೂಜೆ. ಚಕ್ರಕ್ಕೆ ಕಲ್ಲು ಕೊಟ್ಟು, ಕೈಮುಗಿದು ಕಣ್ಣು ಮುಚ್ಚಿದೆ. ಭಟ್ಟರು ಲಿಂಬೆಹಣ್ಣು ಇಡಲು ಬಗ್ಗಿದರು.

"ಯಾರು ಮಾರಾಯ್ರೆ ಇಲ್ಲಿ ಕಲ್ಲು ಇಟ್ಟದ್ದು? ಲಿಂಬೆ ಇಡ್ಲಿಕ್ಕೆ ಜಾಗವೇ ಇಲ್ಲ."

ನಾನು ಕಣ್ಣು ತೆರೆಯುವಷ್ಟರಲ್ಲಿ ಕಲ್ಲು ಭಟ್ಟರ ಕೈಯಲ್ಲಿತ್ತು. ಕಲ್ಲಿನ ಜಾಗದಲ್ಲಿ ಲಿಂಬೆ ಇತ್ತು. ಲಿಂಬೆ ತನ್ನ ಕೈಲಾದಷ್ಟು ಹೋರಾಡಿತು. ಗಾಡಿ ಅದರ ಮೇಲೆ ಹಾದು, ಹೂಮಾಲೆ ಅಲ್ಲಾಡಿಸುತ್ತಾ ಹಿಂದೆ ಹಿಂದೆ ಹೊರಟಿತು. ಬಾಗಿಲಿಲ್ಲದ ಪ್ರಯೋಜನ ಆಗ ತಿಳಿಯಿತು. ಓಡಿ ಹೋಗಿ ಒಳಕ್ಕೆ ಹಾರಿ ಬ್ರೇಕ್ ತುಳಿದೆ. ಗಾಡಿ ಗಕ್ಕನೆ ನಿಂತಿತು.

"ನೋಡಿದ್ಯಾ? ಡಿಸ್ಕ್ ಅಂದ್ರೆ ಇದು."

"ನಿಂತದ್ದು ಸರಿ," ಎಂದಳು ಸುಮತಿ. "ನೀವು ಇಳಿದ್ರೆ ನಿಲ್ಲುದುಂಟಾ?"

ಹೊತ್ತು ಮೀರುತ್ತಿತ್ತು. ಅವಳು ರೇಷ್ಮೆ ಸೀರೆಯ ನೆರಿಗೆ ಹಿಡಿದು ಹತ್ತಿ ಕೂತಳು. ಗಾಡಿಯನ್ನು ಹಿಂದಕ್ಕೆ ಉರುಳಬಿಟ್ಟು, ಇಳಿಜಾರಿನಲ್ಲೇ ಎಂಜಿನ್ ಎಬ್ಬಿಸಿಕೊಂಡು ಹೊರಟೆವು. ಕಲ್ಲು ಭಟ್ಟರ ಬಳಿಯೇ ಉಳಿಯಿತು.

ಅದು ನೆನಪಾದದ್ದು ಮಾವನ ಮನೆಯ ಅಂಗಳದ ಏರಿನಲ್ಲಿ, ಚಪ್ಪರದ ಎದುರು ನಿಂತು ಎಂಜಿನ್ ಆರಿಸಿದ ಮೇಲೆ. ಹಿಂದೆ ತಿರುಗಿ ನೋಡಿದೆ. ಕೆಳಗೆ, ನೇರ ನನ್ನ ಹಿಂದಕ್ಕೆ, ತೊಳೆದು ಒರೆಸಿ ನಿಲ್ಲಿಸಿದ ಭಾವನ ಅಂಬಾಸಿಡರ್.

ಕಾಲು ಬ್ರೇಕಿನ ಮೇಲಿತ್ತು. ತೆಗೆಯುವ ಹಾಗಿಲ್ಲ. ಬೆಳಗಿನ ಹಾಗೆ ಉರುಳಿಸಿ ಎಬ್ಬಿಸೋಣವೆಂದರೆ ಹಿಂದೆ ಅಂಬಾಸಿಡರ್. ಮತ್ತೆ ಸ್ಟಾರ್ಟ್ ಮಾಡಬೇಕಾದರೆ ಇಳಿದು ಮುಂದೆ ಹ್ಯಾಂಡಲ್ ತಿರುಗಿಸಬೇಕು. ಇಳಿಯಬೇಕಾದರೆ ಕಲ್ಲು ಬೇಕು. ಕಲ್ಲು ಬೇಕಾದರೆ ಕೇಳಬೇಕು. ಅಂಗಳದಲ್ಲಿ ಕಲ್ಲಿಗೆ ಬರವಿರಲಿಲ್ಲ. ಆದರೆ ಕೇಳಬೇಕಾದದ್ದು ಭಾವನ ಎದುರು!

ಸುಮತಿ ಇಳಿದಳು. ಅವಳ ಓರಗೆಯ ಹೆಂಗಸರೆಲ್ಲ "ನಿಮ್ಮದೇ ಗಾಡಿಯಾ?" ಎಂದು ಸುತ್ತುವರಿದರು. ಅವಳ ಮುಖ ಅರಳಿದ್ದನ್ನು ಕಂಡ ಮೇಲಂತೂ ಬಾಯಿ ಬಿಡುವುದು ಸಾಧ್ಯವೇ ಇರಲಿಲ್ಲ.

ಮಾವ ಬೆಲ್ಲ ನೀರು ಹಿಡಿದು ಬಂದರು. "ಇಳಿಯಿರಿ ಅಳಿಯಂದಿರೇ."

"ಎಂಜಿನ್ ಸ್ವಲ್ಪ ತಣಿಯಲಿ ಮಾವ." ಬೆಲ್ಲ ನೀರನ್ನು ಕೂತಲ್ಲೇ ಸ್ವೀಕರಿಸಿದೆ, ಪಲ್ಲಕ್ಕಿಯ ದೇವರ ಹಾಗೆ.

ಭಾವ ಬಂದ. "ಎಂತ ಭಾವ, ಇಳಿಯುದಿಲ್ವಾ?"

"ಹೊಸ ಬ್ರೇಕ್ ಅಲ್ವಾ. ಒತ್ತಿ ಹಿಡಿದ್ರೆ ಹದಕ್ಕೆ ಬರ್ತದೆ."

"ಹದಕ್ಕೆ ಬರ್ಲಿಕ್ಕೆ ಅದೆಂತ ದೋಸೆ ಹಿಟ್ಟಾ?"

ಸುಮತಿಯ ದೊಡ್ಡತ್ತೆ ದೂರದಿಂದ ನನ್ನನ್ನೇ ನೋಡುತ್ತಿದ್ದವರು ಹತ್ತಿರ ಬಂದು ಮೆಲುದನಿಯಲ್ಲಿ ಕೇಳಿದರು: "ಕಾಲಿಗೆ ವಾತವಾ ಮಗ? ಇಷ್ಟು ಸಣ್ಣ ಪ್ರಾಯದಲ್ಲಿ?" ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಬಿಸಿ ಮಾಡಿದ ಎಣ್ಣೆ ಬಂತು. ಉಪಾಹಾರವೂ ಬಂತು. ಮೊಣಕಾಲಿನಿಂದ ಕೆಳಗೆ ನನ್ನ ಕಾಲು ನನ್ನದೇ ಎಂಬ ನಂಬಿಕೆ ನಿಧಾನಕ್ಕೆ ಹೋಗತೊಡಗಿತು.

ಆಗ ವಾದ್ಯದ ಸದ್ದು. ದಿಬ್ಬಣ ಬಂದೇಬಿಟ್ಟಿತು. ಮದುಮಗ ಕೆಳಗೆ ವಾಹನದಿಂದ ಇಳಿದು, ಏರು ಹತ್ತಿ, ಚಪ್ಪರಕ್ಕೆ ಬರಬೇಕಾದ ದಾರಿಯ ನಡುವೆ ನನ್ನ ಗಾಡಿ. ಎದುರುಗೊಳ್ಳಲು ನಿಲ್ಲಬೇಕಾದ ಹಿರಿಯ ಅಳಿಯ ಗಾಡಿಯೊಳಗೆ!

"ಭಾವ, ಗಾಡಿ ತೆಗೀರಿ ಮಾರಾಯ್ರೆ," ಎಂದು ಭಾವ. "ಅಳಿಯಂದಿರೇ, ಎದ್ದು ಬನ್ನಿ," ಎಂದು ಮಾವ. "ಪಾಪ, ಅವನಿಗೆ ಏಳ್ಲಿಕ್ಕೆ ಆಗುದಿಲ್ಲ," ಎಂದು ದೊಡ್ಡತ್ತೆ. ಎರಡು ಕಡೆಯ ನೆಂಟರೂ ನನ್ನನ್ನೇ ನೋಡಿದರು.

ಜನ ಸರಿದು ದಾರಿ ಬಿಟ್ಟರು. ಅಡಿಗೆಮನೆಯ ಕಡೆಯಿಂದ ಸುಮತಿ ಬರುತ್ತಿದ್ದಳು. ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ಎರಡೂ ಕೈಯಲ್ಲಿ ತೆಂಗಿನಕಾಯಿ ಒಡೆಯುವ ಕಲ್ಲು. ಅದರಿಂದ ಕಾಯಿ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನೇರ ಹಿಂದಿನ ಚಕ್ರದ ಬಳಿ ಹೋಗಿ ಬಗ್ಗಿ, ಕಲ್ಲನ್ನು ಇಟ್ಟು, ಕಾಲಿನಿಂದ ಒಮ್ಮೆ ಒತ್ತಿ ನೋಡಿದಳು.

"ನಮ್ಮ ಗಾಡಿಗೆ ಹ್ಯಾಂಡ್‌ಬ್ರೇಕ್ ಇಲ್ಲ ಅಣ್ಣ," ಎಂದಳು. "ಕಲ್ಲು ಕೊಡುದು ನಾನು." ಆಮೇಲೆ ನನ್ನ ಕಡೆ ತಿರುಗಿ, "ಇಳಿಯಿರಿ ಇನ್ನು."

ಇಳಿದೆ. ಗಾಡಿ ನಿಂತಿತು. ನಾನು ನಿಲ್ಲಲಿಲ್ಲ. ಜೋಮು ಹಿಡಿದ ಕಾಲು ಕೈಕೊಟ್ಟು, ಆಗಷ್ಟೇ ಏರು ಹತ್ತಿ ಬಂದ ಮದುಮಗನ ಕಾಲ ಬುಡಕ್ಕೇ ಬಿದ್ದೆ. ಅವನು ಗಾಬರಿಯಾಗಿ, "ಅಯ್ಯೋ, ನೀವು ಹಿರಿಯರು, ಇದೆಲ್ಲ ಎಂತಕ್ಕೆ," ಎಂದು ಎತ್ತಿದ. ಬೆಟ್ಟಂಪಾಡಿಯಲ್ಲಿ ಹಿರಿಯ ಅಳಿಯ ಕಿರಿಯ ಅಳಿಯನಿಗೆ ಸಾಷ್ಟಾಂಗ ಹಾಕುವ ಪದ್ಧತಿ ಉಂಟು ಎಂದು ಅವನ ಕಡೆಯವರು ಬಹಳ ಕಾಲ ನಂಬಿದ್ದರು.

ಆ ಗಾಡಿ ಈಗಿಲ್ಲ. ನಾವು ಮತ್ತೆ ಬಸ್ಸಿನಲ್ಲೇ ಹೋಗುತ್ತೇವೆ. ಭಾವ ಕಾರು ತರುತ್ತಾನೆ. ಬಾಗಿಲು ಮೆಲ್ಲ ಹಾಕಿ ಎಂದು ಈಗ ಹೇಳುವುದಿಲ್ಲ, ಆ ಮಟ್ಟಿಗೆ ನಾನು ಗೆದ್ದೆ. ಮನೆ ಮುಟ್ಟಿದ ಮೇಲೆ ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸುತ್ತಾನೆ. ಊಟಕ್ಕೆ ಕರೆ ಬಂದಾಗ ಅಂಗಳಕ್ಕಿಳಿದು ಒಂದು ಕಲ್ಲು ತಂದು ಕುರ್ಚಿಯ ಕಾಲಿನ ಹಿಂದೆ ಇಡುತ್ತಾನೆ.

"ಇನ್ನು ಧೈರ್ಯದಲ್ಲಿ ಏಳಿ ಭಾವ."

ಏಳುತ್ತೇನೆ. ಏಳುವ ಮೊದಲು, ಕಲ್ಲು ಸರಿಯಾಗಿ ಕೂತಿದೆಯೇ ಎಂದು ಸುಮತಿಯ ಮುಖ ನೋಡುತ್ತೇನೆ.